ರತ್ನಗಂಬಳಿ ತೊಳೆಯುವ ವಿದ್ಯೆ

ಮದುವೆ ಮನೆಯ ಜಮಖಾನ ಕೊಳೆಯಾದರೆ ಏನು ಮಾಡುತ್ತಾರೆ? ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಅಂಗಳದಲ್ಲಿ ಕೊಡವುತ್ತಾರೆ. ಅದಕ್ಕೂ ಹೋಗದ ಕೊಳೆಯಾದರೆ ಹೊಳೆಗೋ ಕೆರೆಗೋ ಒಯ್ದು, ಸೋಡಾ ಹಾಕಿ ನೆನೆಸಿ, ಬಂಡೆಗೆ ಬಡಿದು, ಬಿಸಿಲಿಗೆ ಹರವುತ್ತಾರೆ. ಇಷ್ಟಕ್ಕೆ ಎರಡು ದಿನ ತರಗತಿಯಲ್ಲಿ ಕುಳಿತು ಪಾಠ ಕೇಳಬೇಕು, ಪರೀಕ್ಷೆ ಬರೆಯಬೇಕು, ಸರ್ಟಿಫಿಕೇಟು ಪಡೆಯಬೇಕು ಎಂದರೆ ಊರಿನ ಅಜ್ಜಿಯರು ಬಾಯಿಗೆ ಸೆರಗು ಹಿಡಿದು ನಕ್ಕಾರು.

ಆದರೆ ಅಮೆರಿಕ, ಬ್ರಿಟನ್ನುಗಳಲ್ಲಿ ಇಂಥ ತರಗತಿಗಳು ಐವತ್ತು ವರ್ಷಗಳಿಂದ ನಡೆಯುತ್ತಿವೆ. ನಿನ್ನೆ ತಾನೆ ಕೆಲಸಕ್ಕೆ ಸೇರಿದ ಹುಡುಗನೂ ಇಪ್ಪತ್ತು ವರ್ಷ ಮಂಡಿಯೂರಿ ಕಾರ್ಪೆಟ್ ಉಜ್ಜಿದ ಹಿರಿಯನೂ ಒಂದೇ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆದುಕೊಳ್ಳುತ್ತಾರೆ.

ಇದಕ್ಕೆ ಕಾರಣವಿದೆ. ಅಲ್ಲಿನ ಮನೆಗಳಲ್ಲಿ ಕಾರ್ಪೆಟ್ ಎಂದರೆ ಸುರುಳಿ ಸುತ್ತಿ ಅಟ್ಟಕ್ಕೆ ಏರಿಸುವ ವಸ್ತುವಲ್ಲ. ಎರಡನೆಯ ಮಹಾಯುದ್ಧದ ನಂತರ ಯಂತ್ರದಲ್ಲಿ ಅಗ್ಗವಾಗಿ ತಯಾರಾದ ಕಾರ್ಪೆಟ್ಟುಗಳು ಗೋಡೆಯಿಂದ ಗೋಡೆಗೆ ಹರಡಿ ನೆಲಕ್ಕೇ ಅಂಟಿಕೊಂಡುವು. ಕೊಡವುವಂತಿಲ್ಲ, ಹೊಳೆಗೆ ಒಯ್ಯುವಂತಿಲ್ಲ. ಇದ್ದಲ್ಲಿಯೇ ಬಿಸಿನೀರು ಚಿಮುಕಿಸಿ, ಕೊಳೆ ಬಿಡಿಸಿ, ಆ ನೀರನ್ನು ಯಂತ್ರದಿಂದ ಹೀರಿ ತೆಗೆಯಬೇಕು. ಹೀಗೆ ಒಂದು ಕಸುಬು ಹುಟ್ಟಿತು. ಅದಕ್ಕೆ ಸರ್ಕಾರದ ಪರವಾನಗಿ ಬೇಕಿರಲಿಲ್ಲ. ಯಂತ್ರವೊಂದನ್ನು ಕೊಂಡು ವ್ಯಾನಿಗೆ ಹಾಕಿಕೊಂಡವನೆಲ್ಲ ಮರುದಿನವೇ ಕಸುಬುದಾರ. ಅವನು ಕೆಡಿಸಿದ ಕಾರ್ಪೆಟ್ಟುಗಳ ದೂರು ಮಾತ್ರ ಇಡೀ ಕಸುಬಿನ ತಲೆಗೆ.

ಬ್ರಿಟನ್ನಿನಲ್ಲಿ 1968ರಲ್ಲಿ ಕಾರ್ಪೆಟ್ ತೊಳೆಯುವವರ ರಾಷ್ಟ್ರೀಯ ಸಂಘ ಹುಟ್ಟಿತು. ಅಮೆರಿಕದಲ್ಲಿ 1972ರಲ್ಲಿ ಪ್ರಮಾಣಪತ್ರ ಕೊಡುವ ಸಂಸ್ಥೆ ಆರಂಭವಾಯಿತು. ಇವತ್ತು ಐಐಸಿಆರ್‌ಸಿ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ಪರಿಚಿತವಾಗಿರುವುದು ಅದೇ. ಕಾರ್ಪೆಟ್ ತೊಳೆಯುವ ತಂತ್ರಜ್ಞನಾಗಲು ಅಲ್ಲಿ ಎರಡು ದಿನದ ಪಾಠ, ಕೊನೆಗೊಂದು ಪರೀಕ್ಷೆ.

ಮೊದಲ ದಿನವೇ ಯಂತ್ರ ಮುಟ್ಟಲು ಹಾತೊರೆದು ಬಂದವರಿಗೆ ಅಲ್ಲಿ ನಿರಾಸೆ ಕಾದಿರುತ್ತದೆ. ಪಾಠ ಶುರುವಾಗುವುದು ಎಳೆಯಿಂದ. ಕಾಲ ಕೆಳಗಿರುವುದು ಉಣ್ಣೆಯೋ, ಹತ್ತಿಯೋ, ನೈಲಾನೋ ಎಂದು ತಿಳಿಯದವನು ನೀರಿನ ನಲ್ಲಿಯನ್ನೇ ತಿರುಗಿಸಬಾರದು. ತಿಳಿಯುವುದು ಹೇಗೆ? ಒಂದು ಎಳೆ ಕಿತ್ತು ಬೆಂಕಿ ತಾಗಿಸಬೇಕು. ಸುಟ್ಟ ಕೂದಲಿನ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಸುಟ್ಟ ಕಾಗದದ ವಾಸನೆಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಂತಾದರೆ ನೈಲಾನಿನಂಥ ಕೃತಕ ಎಳೆ. ಪಾಲಿಪ್ರೊಪಿಲೀನ್ ಆದರೆ ಬೆಂಕಿಯೂ ಬೇಡ, ಲೋಟದ ನೀರಿಗೆ ಹಾಕಿದರೆ ತೇಲುತ್ತದೆ.

ಎಳೆಯ ನಂತರ ಆಮ್ಲ, ಕ್ಷಾರಗಳ ಪಾಠ. ಹೈಸ್ಕೂಲಿನಲ್ಲಿ ಉರು ಹೊಡೆದು ಮರೆತ ಪಿಎಚ್ ಅಳತೆ ಇಲ್ಲಿ ಅನ್ನದ ಪ್ರಶ್ನೆಯಾಗಿ ಮರಳಿ ಬರುತ್ತದೆ. ಏಳು ಎಂದರೆ ತಟಸ್ಥ. ಮೇಲಕ್ಕೆ ಒಂದೊಂದು ಅಂಕಿ ಏರಿದಾಗಲೂ ಕ್ಷಾರ ಹತ್ತು ಪಟ್ಟು ಹೆಚ್ಚು. ಹತ್ತನ್ನು ಮುಟ್ಟಿತೆಂದರೆ ಸಾವಿರ ಪಟ್ಟು. ಅರಿಶಿನದ ಕಲೆಗೆ ಸೋಪು ತಾಗಿದೊಡನೆ ಕೆಂಪಾಗುವುದನ್ನು ಕಂಡ, ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಕಲಸಿದ ಕನ್ನಡದ ಹೆಣ್ಣುಮಕ್ಕಳಿಗೆ ಈ ಪಾಠ ಹೊಸತೇನಲ್ಲ. ಹೆಸರು ಮಾತ್ರ ಹೊಸತು.

ಅಜ್ಜಿಯ ನಗು ನಿಲ್ಲುವುದೂ ಇಲ್ಲಿಯೇ. ಹತ್ತಿಯ ಎಳೆ ಕ್ಷಾರವನ್ನು ತಾಳುತ್ತದೆ, ಆಮ್ಲಕ್ಕೆ ಸೋಲುತ್ತದೆ. ಉಣ್ಣೆಯ ಗುಣ ಇದಕ್ಕೆ ತಿರುಗುಮುರುಗು. ನಸು ಆಮ್ಲವನ್ನು ತಾಳುತ್ತದೆ, ಪ್ರಬಲ ಕ್ಷಾರದಲ್ಲಿ ಕರಗಿಯೇ ಹೋಗುತ್ತದೆ. ಮನೆಯ ಬಿಳಿ ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಉಣ್ಣೆಯ ದಾರ ಅದ್ದಿಟ್ಟರೆ ಸ್ವಲ್ಪ ಹೊತ್ತಿಗೆ ದಾರವೇ ಇರುವುದಿಲ್ಲ. ಅಗಸರ ಚೌಳು ಮಣ್ಣು, ವಾಷಿಂಗ್ ಸೋಡಾಗಳು ನವಲಗುಂದದ ಹತ್ತಿಯ ಜಮಖಾನಕ್ಕೆ ಹೊಂದಿಕೊಂಡಾವು. ಅದೇ ಸೋಡಾವನ್ನು ಬೈಲಕುಪ್ಪೆಯ ಟಿಬೆಟನ್ನರು ನೆಯ್ದ ಉಣ್ಣೆಯ ಕಾರ್ಪೆಟ್ಟಿಗೆ ಹಾಕಿದರೆ, ತಿಂಗಳುಗಟ್ಟಲೆ ಯಾರೋ ಕುಳಿತು ನೆಯ್ದದ್ದು ಒಂದು ಮಧ್ಯಾಹ್ನದಲ್ಲಿ ಹಾಳು. ಹಾಳು ಮಾಡಿದವನು ಸೋಮಾರಿಯಲ್ಲ. ಪಾಪ, ಚೆನ್ನಾಗಿ ತೊಳೆಯಲೆಂದೇ ಒಂದು ಹಿಡಿ ಹೆಚ್ಚು ಹಾಕಿದ್ದ.

ತೊಳೆಯುವ ಕೆಲಸವನ್ನು ನಾಲ್ಕು ಶಕ್ತಿಗಳು ಹಂಚಿಕೊಳ್ಳುತ್ತವೆ ಎಂಬುದು ತರಗತಿಯ ಮತ್ತೊಂದು ಪಾಠ: ರಾಸಾಯನಿಕ, ಶಾಖ, ಉಜ್ಜುವಿಕೆ, ಕಾಲ. ಜರ್ಮನಿಯ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದನ್ನು ಒಂದು ವೃತ್ತದಲ್ಲಿ ಚಿತ್ರಿಸಿ ತೋರಿಸಿದ. ಒಂದನ್ನು ತಗ್ಗಿಸಿದರೆ ಇನ್ನೊಂದನ್ನು ಹಿಗ್ಗಿಸಬೇಕು. ಬಿಸಿನೀರು ಸಲ್ಲದ ಬಟ್ಟೆಯಾದರೆ ಹೆಚ್ಚು ಹೊತ್ತು ನೆನೆಯಲಿ; ಉಜ್ಜಬಾರದ ನೂಲಾದರೆ ಔಷಧಿ ಕೆಲಸ ಮಾಡಲಿ. ದೋಸೆ ಹಿಟ್ಟು ಚಳಿಗಾಲದಲ್ಲಿ ಹೆಚ್ಚು ಹೊತ್ತು ಕಾಯುವುದಿಲ್ಲವೇ, ಹಾಗೆ.

ಎಲ್ಲರೂ ಎಡವುವುದು ನೀರಿನಲ್ಲಿ. ಕಾರ್ಪೆಟ್ಟಿನ ಕೊಳೆಯಲ್ಲಿ ದೊಡ್ಡ ಪಾಲು ಒಣ ಮಣ್ಣು, ಮರಳು. ಅದನ್ನು ಮೊದಲು ಚೆನ್ನಾಗಿ ಹೀರಿ ತೆಗೆಯದೆ ನೀರು ಹಾಕಿದರೆ ಆಗುವುದು ಕೆಸರು. ನೀರು ಅತಿಯಾಗಿ ಬುಡಕ್ಕಿಳಿದರೆ ಇನ್ನೊಂದು ಪೇಚು: ಮೇಲ್ಭಾಗ ಒಣಗುತ್ತಿದ್ದಂತೆ ಕೆಳಗಿನ ತೇವ ಎಳೆಯ ತುದಿಗೆ ಏರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ತಳದಲ್ಲಿದ್ದ ಕೊಳೆಯನ್ನೂ ಜೊತೆಗೇ ತರುತ್ತದೆ. ಸಂಜೆ ಮಾಯವಾಗಿದ್ದ ಕಾಫಿ ಕಲೆ ಬೆಳಗ್ಗೆ ಅದೇ ಜಾಗದಲ್ಲಿ ಹಾಜರ್! ಮನೆಯೊಡತಿ ಬೈಯುವುದು ತೊಳೆದವನನ್ನು. ಅವನು ಮತ್ತಷ್ಟು ನೀರು ಸುರಿಯುತ್ತಾನೆ, ಕಲೆ ಮತ್ತೆ ಬರುತ್ತದೆ. ತಳದಲ್ಲಿ ಸೆಣಬಿದ್ದರೆ ಅದರ ಕಂದು ಬಣ್ಣವೂ ಮೇಲೇರಿ ಬರುತ್ತದೆ. ಒಂದೆರಡು ದಿನ ಒಣಗದೆ ಉಳಿದರೆ ಬೂಷ್ಟು. ಬಂಡೆಗೆ ಬಡಿದು ಬಿಸಿಲಿಗೆ ಹರವುವ ಅಗಸನಿಗೆ ಇಲ್ಲದ ಸಂಕಟ ಇದು. ಸೂರ್ಯನೇ ಅವನ ಪಾಲುದಾರ.

ಹೊಸಬರಿಗೆ ಇವೆಲ್ಲ ಸರಿ, ನುರಿತವರು ಬರುವುದೇಕೆ? ಕಲಿತವನಿಗಿಂತ ನುರಿತವ ಮೇಲು ಎನ್ನುವುದುಂಟು. ಆದರೆ ಕೈ ನುರಿತದ್ದು ನಿನ್ನೆಯ ಎಳೆಯ ಮೇಲೆ. 1986ರಲ್ಲಿ ಡ್ಯೂಪಾಂಟ್ ಕಂಪನಿ ಸ್ಟೇನ್‌ಮಾಸ್ಟರ್ ಎಂಬ ಕಲೆನಿರೋಧಕ ನೈಲಾನ್ ಕಾರ್ಪೆಟ್ಟನ್ನು ಮಾರುಕಟ್ಟೆಗೆ ತಂದಿತು. ಹಳೆಯ ಕೈಗಳಿಗೆ ಅಭ್ಯಾಸವಾಗಿದ್ದ ಖಾರವಾದ ಕ್ಷಾರದ ದ್ರಾವಣ ಆ ಲೇಪವನ್ನೇ ಹಾಳುಮಾಡಬಲ್ಲದು. 2000ದಲ್ಲಿ 3ಎಂ ಕಂಪನಿ ತನ್ನ ಹೆಸರುವಾಸಿ ಸ್ಕಾಚ್‌ಗಾರ್ಡ್‌ನಲ್ಲಿ ಬಳಸುತ್ತಿದ್ದ ರಾಸಾಯನಿಕವನ್ನು ಕೈಬಿಡುವುದಾಗಿ ಪ್ರಕಟಿಸಿತು. ಅದು ಕೊಳೆಯದೆ ಮನುಷ್ಯರ ರಕ್ತದಲ್ಲೂ ಉಳಿಯುತ್ತದೆಂದು ತಿಳಿದುಬಂದಿತ್ತು. ವರ್ಷಗಟ್ಟಲೆ ಅದನ್ನು ಸಿಂಪಡಿಸಿದವರಿಗೆ ಅದು ಬರಿಯ ಸುದ್ದಿಯಾಗಿರಲಿಲ್ಲ. 2009ರಲ್ಲಿ ಟ್ರೈಎಕ್ಸ್‌ಟಾ ಎಂಬ ಇನ್ನೊಂದು ಎಳೆಗೆ ಅಮೆರಿಕದ ಸರ್ಕಾರ ಹೆಸರು ಕೊಟ್ಟಿತು. ಅದಕ್ಕೇ ಒಮ್ಮೆ ಪಾಸಾದರೆ ಮುಗಿಯಲಿಲ್ಲ. ಪ್ರಮಾಣಪತ್ರ ಉಳಿಯಬೇಕಾದರೆ ನಾಲ್ಕು ವರ್ಷಕ್ಕೊಮ್ಮೆ 14 ಗಂಟೆ ಮತ್ತೆ ಕಲಿಯಬೇಕು. ಅನುಭವಿಗೆ ಕಲಿಯುವುದು ಕಷ್ಟವಲ್ಲ. ಕಲಿತದ್ದನ್ನು ಬಿಡುವುದು ಕಷ್ಟ.

ಹಾಗೆಂದು ಆ ಕಾಗದವನ್ನೇ ಪೂಜಿಸಬೇಕಿಲ್ಲ. ಎರಡು ದಿನದಲ್ಲಿ ಕೈಗೆ ಹದ ಬರುವುದಿಲ್ಲ. ಪರೀಕ್ಷೆ ನೆನಪನ್ನು ಅಳೆದೀತು, ಬೆರಳನ್ನು ಅಳೆಯಲಾರದು. ಶುಲ್ಕ ಕಟ್ಟುವ ಶಕ್ತಿಯಿಲ್ಲದ ಕೂಲಿಯವನು ಹೊರಗೇ ಉಳಿಯುತ್ತಾನೆ.

ಭಾರತದಲ್ಲಿ ನೆಯ್ಯುವವರಿಗಾಗಿ ಕಾಲೇಜು ಇದೆ. ಉತ್ತರ ಪ್ರದೇಶದ ಭದೋಹಿಯಲ್ಲಿ 2001ರಿಂದ ಕಾರ್ಪೆಟ್ ತಂತ್ರಜ್ಞಾನದ ಸಂಸ್ಥೆ ನಡೆಯುತ್ತಿದೆ. ಬೆಂಗಳೂರಿನ ಹೋಟೆಲು, ಕಚೇರಿಗಳ ಕಾರ್ಪೆಟ್ಟುಗಳ ಮೇಲೆ ರಾತ್ರಿಪಾಳಿಯಲ್ಲಿ ಯಂತ್ರ ಎಳೆಯುವವರು ಸಾಮಾನ್ಯವಾಗಿ ಕಲಿಯುವುದು ಪಕ್ಕದವನನ್ನು ನೋಡಿ. ಪಕ್ಕದವನು ತಪ್ಪು ಕಲಿತಿದ್ದರೆ? ಕಾರ್ಪೆಟ್ ಕೆಟ್ಟರೆ ಸಂಬಳದಲ್ಲಿ ಕಡಿತವಾದೀತು, ಅದು ಸಣ್ಣದು. ಬೆಕ್ಕಿನ ಉಚ್ಚೆಯ ಮೇಲೆ ಬ್ಲೀಚು ಸುರಿದರೂ, ಬ್ಲೀಚಿಗೆ ಪಾಯಿಖಾನೆ ತೊಳೆಯುವ ಆ್ಯಸಿಡ್ ಬೆರೆಸಿದರೂ ಏಳುವುದು ವಿಷಗಾಳಿ. ಕಿಟಕಿ ತೆರೆಯದ ಎ.ಸಿ. ಕೋಣೆಯಲ್ಲಿ ಅದನ್ನು ಮೊದಲು ಉಸಿರಾಡುವವನು ಬಗ್ಗಿ ಉಜ್ಜುತ್ತಿರುವವನೇ. ಡಬ್ಬಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿದ್ದರೆ ಅವನ ಪಾಲಿಗೆ ಅದು ಬರೆದಿದ್ದೂ ಒಂದೇ, ಬರೆಯದಿದ್ದರೂ ಒಂದೇ. ಕೈಗವಸು ಹಾಕು, ಇದರ ಜೊತೆ ಅದನ್ನು ಬೆರೆಸಬೇಡ ಎಂದು ಕನ್ನಡದಲ್ಲಿ ಹೇಳಿಕೊಡಲು ವಿದೇಶಿ ಪ್ರಮಾಣಪತ್ರ ಬೇಕಿಲ್ಲ. ಕೆಲಸ ಕೊಟ್ಟವರು ಅರ್ಧ ದಿನ ಬಿಡುವು ಮಾಡಿಕೊಂಡರೆ ಸಾಕು.

ಒಳ್ಳೆಯ ತರಗತಿಯಿಂದ ಹೊರಬಂದವನ ಗುರುತು ಅವನ ಯಂತ್ರವಲ್ಲ. ಅವನು ಮನೆಗೆ ಬಂದವನೇ ನೀರು ಕೇಳುವುದಿಲ್ಲ. ಮೊದಲು ಮಂಡಿಯೂರಿ ಕುಳಿತು ಎಳೆಯನ್ನು ಬೆರಳಲ್ಲಿ ಹೊಸಕಿ ನೋಡುತ್ತಾನೆ. ಬಿಳಿ ಬಟ್ಟೆ ಒದ್ದೆ ಮಾಡಿ ಮೂಲೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೆಯೇ ಪರೀಕ್ಷಿಸುತ್ತಾನೆ. ಬಣ್ಣ ಬಿಟ್ಟರೆ, ಬರುವ ಕೂಲಿಯನ್ನು ಬಿಟ್ಟು, "ಅಮ್ಮಾ, ಇದನ್ನ ಇಲ್ಲಿ ತೊಳೆದರೆ ಕೆಡುತ್ತೆ, ನನ್ನಿಂದ ಆಗಲ್ಲ" ಎಂದು ಎದ್ದು ನಿಲ್ಲುತ್ತಾನೆ. ಈ ಒಂದು ಮಾತನ್ನು ಹೇಳುವ ಧೈರ್ಯ ಬಂದರೆ ಎರಡು ದಿನದ ಪಾಠ ದಂಡವಾಗಲಿಲ್ಲ.