ಗುಡಿಯೂ ಉಳಿಯಲಿ, ಗುಡಿ ಪಕ್ಕದ ಮನೆಯೂ ಉಳಿಯಲಿ

ಮಗನ ಮದುವೆ ಗೊತ್ತಾಯಿತು ಅಂದರೆ ನಮ್ಮ ಕಡೆ ಬಂಗಾರದ ಮಾತಿಗಿಂತ ಮೊದಲು ಖೋಲಿಯ ಮಾತು ಬರುತ್ತದೆ. ಹಿತ್ತಿಲ ಕಡೆಗೆ ಒಂದು ಖೋಲಿ ತೆಗೆಯಬೇಕು, ಇಲ್ಲವೇ ಮೇಲೊಂದು ಏರಿಸಬೇಕು. ಬೇರೆ ಊರಲ್ಲಾದರೆ ಪಂಚಾಯಿತಿಗೆ ಒಂದು ಅರ್ಜಿ, ಗೌಂಡಿಗೆ ಒಂದಿಷ್ಟು ಮುಂಗಡ, ಕೆಲಸ ಶುರು. ಐಹೊಳೆ, ಪಟ್ಟದಕಲ್ಲು, ಬಾದಾಮಿ, ಹಂಪಿ, ಹಳೇಬೀಡಿನಂಥ ಊರಲ್ಲಾದರೆ ಹಾಗಲ್ಲ. ಅಲ್ಲಿ ಅಡಿಪಾಯ ತೋಡುವ ಮೊದಲು ಗುಡಿಯಿಂದ ಮನೆಗೆ ಎಷ್ಟು ಮೀಟರ್ ಎಂದು ಅಳೆಯಬೇಕು.

ಈ ಅಳತೆಯ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಭಯ ಇದೆ, ಗಾಳಿಮಾತು ಇದೆ. ಸರಿಯಾದ ಮಾಹಿತಿ ಮಾತ್ರ ಇಲ್ಲ. ಅದಕ್ಕೇ ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ತಕರಾರು ಆಮೇಲೆ.

ನೂರು ಮೀಟರ್, ಮುನ್ನೂರು ಮೀಟರ್

ಕೇಂದ್ರ ಸರ್ಕಾರ ರಕ್ಷಿಸುವ ಸ್ಮಾರಕಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅನ್ವಯಿಸುತ್ತದೆ. 1992ರ ಜೂನ್ 16ರ ಅಧಿಸೂಚನೆ ಮೊದಲ ಬಾರಿಗೆ ಗೆರೆ ಎಳೆಯಿತು. 2010ರ ತಿದ್ದುಪಡಿ ಆ ಗೆರೆಯನ್ನು ಕಾಯ್ದೆಯೊಳಕ್ಕೇ ತಂದು ಬಿಗಿ ಮಾಡಿತು. ಸ್ಮಾರಕದ ಸುತ್ತ ಮೊದಲ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300 ಮೀಟರ್.

ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ಅಳತೆ ಶುರುವಾಗುವುದು ಗುಡಿಯ ಗೋಡೆಯಿಂದಲ್ಲ. ರಕ್ಷಿತ ಜಾಗದ ಗಡಿಯಿಂದ. ಗುಡಿಯ ಸುತ್ತಲಿನ ಜಾಗವನ್ನೂ ರಕ್ಷಿತ ಎಂದು ಘೋಷಿಸಿದ್ದರೆ ಆ ಜಾಗದ ಅಂಚಿನಿಂದ ಟೇಪು ಹಿಡಿಯಬೇಕು.

100 ಮೀಟರ್ ಅಂದರೆ ಸುಮಾರು 328 ಅಡಿ. ಕಿವಿಗೆ ಸಣ್ಣದೆನಿಸುತ್ತದೆ. ಎಕರೆ ಲೆಕ್ಕಕ್ಕೆ ಹಾಕಿ ನೋಡಿ. ಗುಡಿಯನ್ನು ಒಂದು ಚುಕ್ಕೆ ಎಂದುಕೊಂಡರೂ ಸುತ್ತಲಿನ 100 ಮೀಟರ್ ವೃತ್ತ ಸುಮಾರು 7 ಎಕರೆ 30 ಗುಂಟೆ ಆಗುತ್ತದೆ. 300 ಮೀಟರ್ ವೃತ್ತ ಸುಮಾರು 70 ಎಕರೆ. ಎಷ್ಟೋ ಹಳ್ಳಿಗಳ ಗಾವಠಾಣೆಯೇ ಅಷ್ಟಿರುವುದಿಲ್ಲ. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ಓಣಿ ಓಣಿಗೂ ಕಲ್ಲಿನ ಕಂಬ. ಅಂಥಲ್ಲಿ ಒಂದು ಗುಡಿಯ ವೃತ್ತ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗುತ್ತದೆ.

ಏನು ಕಟ್ಟಬಹುದು, ಏನು ಕಟ್ಟಬಾರದು

ಕಾಯ್ದೆ ಮೂರು ಮಾತುಗಳನ್ನು ಬೇರೆ ಬೇರೆ ಮಾಡಿದೆ. ಈ ಮೂರರ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಗೊಂದಲ ಮುಗಿದಂತೆ.

ಒಂದು, ನಿರ್ಮಾಣ. ಹೊಸ ಮನೆ ಮಾತ್ರ ನಿರ್ಮಾಣ ಅಲ್ಲ. ಇದ್ದ ಮನೆಯನ್ನು ಅಡ್ಡಕ್ಕೆ ಬೆಳೆಸಿದರೂ ನಿರ್ಮಾಣ, ಎತ್ತರಕ್ಕೆ ಬೆಳೆಸಿದರೂ ನಿರ್ಮಾಣ. ಹಿತ್ತಿಲಿಗೆ ಖೋಲಿ ತೆಗೆಯುವುದೂ, ಮಾಳಿಗೆಯ ಮೇಲೆ ಶೀಟಿನ ಖೋಲಿ ಏರಿಸುವುದೂ ಇದರಲ್ಲೇ ಬರುತ್ತವೆ.

ಎರಡು, ಮರುನಿರ್ಮಾಣ. ಇದ್ದ ಮನೆಯನ್ನು ಕೆಡವಿ ಅದೇ ಅಳತೆ, ಅದೇ ಎತ್ತರಕ್ಕೆ ಮತ್ತೆ ಕಟ್ಟುವುದು.

ಮೂರು, ದುರಸ್ತಿ ಮತ್ತು ನವೀಕರಣ. ಇದ್ದ ಕಟ್ಟಡದಲ್ಲೇ ಬದಲಾವಣೆ ಮಾಡಿಕೊಳ್ಳುವುದು.

100 ಮೀಟರಿನೊಳಗೆ ಕಾಯ್ದೆ ಮನೆಯವರಿಗೆ ಅರ್ಜಿ ಹಾಕಲು ಬಿಟ್ಟಿರುವುದು ಮೂರನೆಯದಕ್ಕೆ ಮಾತ್ರ. ಅದೂ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಗೆ, ಇಲ್ಲವೇ ಆಮೇಲೆ ಅನುಮತಿ ಪಡೆದು ಕಟ್ಟಿದ ಮನೆಗೆ. ಅದರಾಚೆಯ 200 ಮೀಟರಿನಲ್ಲಿ ಮೂರಕ್ಕೂ ಅರ್ಜಿ ಹಾಕಬಹುದು. ಅನುಮತಿ ಮಾತ್ರ ಬೇಕೇ ಬೇಕು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಂಡೂ ಕಾಣದಂತೆ ಸುಮ್ಮನಿದ್ದ ಅಧಿಕಾರಿಗೂ ಮೂರು ವರ್ಷದವರೆಗೆ ಶಿಕ್ಷೆ ಇದೆ ಎಂಬುದನ್ನು ಕಡಿಮೆ ಜನ ಹೇಳುತ್ತಾರೆ.

ಹಾಗಾಗಿ ನಾವು ಒತ್ತಿ ಹೇಳುವುದು ಇಷ್ಟು: 100 ಮೀಟರಿನೊಳಗಿರುವವರು ಹಳೆ ಮನೆಯನ್ನು ಪೂರ್ತಿ ಕೆಡವಬೇಡಿ. ಗೌಂಡಿ ‘ಎಲ್ಲಾ ತೆಗೆದು ಹೊಸದಾಗಿ ಮಾಡೋಣ್ರಿ, ಖರ್ಚು ಕಡಿಮಿ’ ಅಂದಾನು. ಕೆಡವಿದ ಮರುದಿನ ಆ ಜಾಗ ಕಾನೂನಿನ ಕಣ್ಣಿಗೆ ಖಾಲಿ ನಿವೇಶನ. ಮತ್ತೆ ಕಟ್ಟುವುದು ದುರಸ್ತಿ ಆಗುವುದಿಲ್ಲ.

ಮನೆಯ ಹೊಟ್ಟೆಯೊಳಗೇ ಜಾಗ ಇದೆ

ಹಾಗಾದರೆ ಮನೆ ಮಂದಿ ಹೆಚ್ಚಾದಾಗ ಏನು ಮಾಡಬೇಕು? ನಮ್ಮ ಹಿರಿಯರು ಕಟ್ಟಿದ ಮನೆಗಳಲ್ಲೇ ಒಂದಿಷ್ಟು ಉತ್ತರ ಇದೆ.

ನಮ್ಮ ಕಡೆಯ ಹಳೆ ಮನೆ ನೋಡಿ. ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದೆ, ಬೆಳಕಿಂಡಿ. ತಲಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರಕ್ಕೆ ಪಡಸಾಲೆ, ಆಮೇಲೆ ಅಡುಗೆ ಮನೆ. ಎಷ್ಟೋ ಮನೆಗಳಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಾಡಿಗೆಗೆ ಬಂದಿದೆ. ದನದ ಜಾಗದಲ್ಲಿ ಈಗ ಬೈಕು, ಗೊಬ್ಬರದ ಚೀಲ. ಅಲ್ಲಿ ಗೋಡೆ ಅಡ್ಡ ಹಾಕಿದರೆ ಒಂದು ಖೋಲಿ ಆಗುತ್ತದೆ. ಎತ್ತರ ಚೆನ್ನಾಗಿದ್ದ ಕಡೆ ಜೋಳದ ಚೀಲ ಇಡಲು ಅಟ್ಟ ಹಾಕುತ್ತಿದ್ದರು. ಅದೇ ಅಟ್ಟವನ್ನು ಗಟ್ಟಿ ಮಾಡಿ, ನಿಚ್ಚಣಿಕೆಯ ಬದಲು ಮೆಟ್ಟಿಲು ಇಟ್ಟರೆ ಓದುವ ಹುಡುಗರಿಗೆ ಒಂದು ಜಾಗ ಸಿಗುತ್ತದೆ.

ಹೊರಗಿನ ಗೋಡೆ ಸರಿಯಲಿಲ್ಲ, ಮಾಳಿಗೆ ಏರಲಿಲ್ಲ ಅಂದರೆ ಅದು ಇದ್ದ ಕಟ್ಟಡದೊಳಗಿನ ಬದಲಾವಣೆ. ಅದನ್ನು ನವೀಕರಣ ಎಂದು ಅರ್ಜಿಯಲ್ಲಿ ಕೇಳಲು ದಾರಿ ಇದೆ. ಆದರೆ ಅಟ್ಟದ ನೆಪದಲ್ಲಿ ಮಾಳಿಗೆಯನ್ನು ಮೂರು ಅಡಿ ಎತ್ತಿದರೆ ಅದು ಎತ್ತರದ ವಿಸ್ತರಣೆ. ಕಥೆ ಮತ್ತೆ ಮೊದಲಿಗೇ ಬರುತ್ತದೆ.

ಅಟ್ಟ ಹಾಕುವವರಿಗೆ ಒಂದು ಮಾತು. ಮೇಲ್ಮುದ್ದೆಯ ಮಣ್ಣಿನ ಭಾರವೇ ಹಳೆ ಗೋಡೆಗೆ ಸಾಕಷ್ಟಿರುತ್ತದೆ. ಅದರ ಮೇಲೆ ಅಟ್ಟದ ಭಾರ ಹೇರಬೇಡಿ. ಅಟ್ಟಕ್ಕೆ ಬೇರೆಯೇ ಕಂಬ ನಿಲ್ಲಿಸಿ ಭಾರವನ್ನು ನೆಲಕ್ಕೆ ಇಳಿಸುವುದು ಒಳ್ಳೆಯದು. ಕೆಲಸಕ್ಕೆ ಮುಂಚೆ ಒಬ್ಬ ಎಂಜಿನಿಯರಿಗೆ ತೋರಿಸಿ. ಮಳೆಗಾಲದಲ್ಲಿ ಮಣ್ಣಿನ ಗೋಡೆ ಹೇಗೆ ಕುಸಿಯುತ್ತದೆ ಎಂದು ಮಲಪ್ರಭಾ ದಂಡೆಯವರಿಗೆ ನಾವು ಹೇಳಿಕೊಡಬೇಕಿಲ್ಲ.

ಅರ್ಜಿಯ ದಾರಿ

ಅರ್ಜಿ ಹೋಗುವುದು ಕಾಯ್ದೆಯಡಿ ನೇಮಕವಾದ ಸಕ್ಷಮ ಪ್ರಾಧಿಕಾರಕ್ಕೆ. ಅವರು 15 ದಿನದೊಳಗೆ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳೊಳಗೆ ತನ್ನ ಶಿಫಾರಸು ಹೇಳಬೇಕು. ಅದು ಬಂದ ಒಂದು ತಿಂಗಳೊಳಗೆ ಅನುಮತಿ ಕೊಡಬೇಕು ಇಲ್ಲವೇ ನಿರಾಕರಿಸಬೇಕು. ಒಟ್ಟು ಮೂರೂವರೆ ತಿಂಗಳು. ನಿರಾಕರಿಸುವುದಾದರೆ ನಿಮ್ಮ ಮಾತು ಕೇಳಬೇಕು, ಲಿಖಿತವಾಗಿ ಆದೇಶ ಕೊಡಬೇಕು.

ನಮ್ಮ ಸಲಹೆ: ಬೇಸಿಗೆಯಲ್ಲಿ ಕೆಲಸ ಹಿಡಿಯುವವರು ದೀಪಾವಳಿಗೇ ಅರ್ಜಿ ಹಾಕಿ. ಎಲ್ಲ ಗಡುವಿನೊಳಗೆ ನಡೆದರೆ ಶಿವರಾತ್ರಿ ಹೊತ್ತಿಗೆ ಉತ್ತರ ಬರಬೇಕು. ಮನೆಯ ಇ-ಸ್ವತ್ತು, ನಕ್ಷೆ, ಸ್ಮಾರಕದಿಂದ ಇರುವ ದೂರ, ಮನೆಯ ಫೋಟೊ ಸಿದ್ಧ ಇಟ್ಟುಕೊಳ್ಳಿ. 1992ಕ್ಕಿಂತ ಹಿಂದಿನ ಮನೆ ಎಂದು ತೋರಿಸಲು ಹಳೆ ಮನೆಪಟ್ಟಿ ರಸೀದಿ, ಕರೆಂಟ್ ಬಿಲ್ಲು, ಪಂಚಾಯಿತಿ ದಾಖಲೆಯ ನಕಲು ಕೆಲಸಕ್ಕೆ ಬರುತ್ತವೆ. ಟ್ರಂಕಿನ ತಳದಲ್ಲಿರುವ ಆ ಚೀಟಿಗಳನ್ನು ಇವತ್ತೇ ಫೋನಿನಲ್ಲಿ ಫೋಟೊ ತೆಗೆದಿಡಿ. ಹಂಪಿ ಸುತ್ತಲಿನ 29 ಹಳ್ಳಿಗಳವರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಿಯಮವನ್ನೂ ನೋಡಬೇಕು. ರಾಜ್ಯ ಸರ್ಕಾರ ರಕ್ಷಿಸುವ ಸ್ಮಾರಕಗಳಿಗೆ 1961ರ ಬೇರೆ ಕಾಯ್ದೆ ಇದೆ. ನಿಮ್ಮೂರ ಗುಡಿ ಯಾವುದರಲ್ಲಿ ಬರುತ್ತದೆ ಎಂದು ಮೊದಲು ಬೋರ್ಡು ಓದಿ.

ವಸತಿ ಯೋಜನೆಯ ಮನೆ ಮಂಜೂರಾದವರಿಗೆ ಇದು ಇನ್ನೂ ಮುಖ್ಯ. ಆ ಹಣ ಬರುವುದು ಹಂತ ಹಂತವಾಗಿ, ಫೋಟೊ ನೋಡಿ. ಅಡಿಪಾಯ ಹಾಕಿ, ಸಾಲ ಮಾಡಿ ಗೋಡೆ ಏರಿಸಿದ ಮೇಲೆ ನೋಟಿಸು ಬಂದರೆ ಮುಂದಿನ ಕಂತೂ ಇಲ್ಲ, ಹಳೆ ಮನೆಯೂ ಇಲ್ಲ.

ಇನ್ನು ನಮ್ಮ ತಕರಾರು

ಕಾಯ್ದೆಯೇ ಬೇಡ ಎನ್ನುವವರು ನಾವಲ್ಲ. ಕಾಯ್ದೆ ಇಲ್ಲದಿದ್ದರೆ ಗುಡಿ ಪಕ್ಕ ಮೊದಲು ಏಳುವುದು ಬಡವರ ಖೋಲಿ ಅಲ್ಲ, ದುಡ್ಡಿದ್ದವರ ಲಾಡ್ಜು. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ತಲೆ ಎತ್ತಿದ್ದವು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ಅವು ನೆಲಸಮ ಆದವು. ಗುಡಿಯ ಬಿದ್ದ ಕಲ್ಲನ್ನು ಮನೆಯ ಅಡಿಪಾಯಕ್ಕೆ ಹಾಕಿಕೊಳ್ಳುವುದೂ ತಪ್ಪೇ. ಅದನ್ನು ನಾವು ಸಮರ್ಥಿಸುವುದಿಲ್ಲ.

ಆದರೆ ರೆಸಾರ್ಟಿಗೂ ಬಚ್ಚಲಿಗೂ ಒಂದೇ ಅಳತೆ ಹಿಡಿದರೆ ಅದು ನ್ಯಾಯ ಅಲ್ಲ.

ಕಾಯ್ದೆಯಲ್ಲೇ ನೋಡಿ. ಚರಂಡಿ, ಸಾರ್ವಜನಿಕ ಶೌಚಾಲಯ, ಸಾರ್ವಜನಿಕ ನೀರಿನ ಕೆಲಸ, ಕರೆಂಟಿನ ಕೆಲಸ ಇವು ‘ನಿರ್ಮಾಣ’ ಅಲ್ಲ ಎಂದು ಬಿಟ್ಟಿದ್ದಾರೆ. ಒಳ್ಳೆಯದೇ. ಆದರೆ ಮನೆಯ ಹಿಂದೆ ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲದ ಸ್ವಂತ ಶೌಚಾಲಯಕ್ಕೆ ಆ ರಿಯಾಯಿತಿ ಇಲ್ಲ. ಮನೆಮನೆಗೂ ಶೌಚಾಲಯ ಕಟ್ಟಿ ಎಂದು ಗೋಡೆ ಮೇಲೆ ಬರೆಸಿದ್ದೂ ಸರ್ಕಾರವೇ. ಕತ್ತಲಾಗುವವರೆಗೆ ಕಾಯಬೇಕಾದ ಹೆಣ್ಣುಮಕ್ಕಳಿಗೆ ಈ ಎರಡು ಸರ್ಕಾರಿ ಮಾತುಗಳಲ್ಲಿ ಯಾವುದು ನಿಜ?

ಇನ್ನೊಂದು ನೋಡಿ. 2017ರಲ್ಲಿ ಕೇಂದ್ರ ಒಂದು ತಿದ್ದುಪಡಿ ಮಸೂದೆ ತಂದಿತು. ನಿಷೇಧಿತ ಪ್ರದೇಶದಲ್ಲಿ ಸರ್ಕಾರದ ಸಾರ್ವಜನಿಕ ಕಾಮಗಾರಿಗೆ ದಾರಿ ಮಾಡಿಕೊಡುವುದು ಅದರ ಉದ್ದೇಶ. ಲೋಕಸಭೆ ದಾಟಿದ ಅದು ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋಯಿತು. ಆ ಮಸೂದೆ ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಸರ್ಕಾರಕ್ಕೆ ತನ್ನ ಕೆಲಸ ನಿಂತಾಗ ನೂರು ಮೀಟರಿನ ಕಷ್ಟ ಗೊತ್ತಾಯಿತು ಎಂಬುದಷ್ಟೇ ನಮ್ಮ ಮಾತು. 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೂ, ಈ ದೂರದ ನಿಯಮದಿಂದ ಜನರಿಗೆ ತೊಂದರೆ ಆಗುತ್ತದೆ, ಇಡೀ ಹಳ್ಳಿಯೇ 300 ಮೀಟರಿನೊಳಗೆ ಬರುವುದುಂಟು ಎಂದು ಗುರುತಿಸಿದೆ.

ದೇಶದಲ್ಲಿ ಕೇಂದ್ರ ರಕ್ಷಿತ ಸ್ಮಾರಕಗಳು 3,600ಕ್ಕೂ ಹೆಚ್ಚು, ಕರ್ನಾಟಕದಲ್ಲೇ 500ಕ್ಕೂ ಹೆಚ್ಚು. ತಾಜ್‌ಮಹಲಿಗೂ, ಹೊಲದ ನಡುವಿನ ಒಂದು ಸಣ್ಣ ಗುಡಿಗೂ ಕಡಿಮೆ ಎಂದರೂ ಅದೇ ನೂರು ಮೀಟರ್. ಒಂದೊಂದು ಸ್ಮಾರಕಕ್ಕೂ ಅಲ್ಲಲ್ಲಿಗೆ ತಕ್ಕ ಪಾರಂಪರಿಕ ಉಪವಿಧಿ ಮಾಡಬೇಕು ಎಂದು ಕಾಯ್ದೆಯೇ 2010ರಲ್ಲಿ ಹೇಳಿದೆ. ಎತ್ತರ ಎಷ್ಟು, ಮುಂಭಾಗ ಹೇಗೆ, ಬಣ್ಣ ಯಾವುದು ಎಂಬುದೆಲ್ಲ ಅದರಲ್ಲಿ ತೀರ್ಮಾನ ಆಗಬಹುದು. ಊರಿನವರಿಗೆ ಬೇಕಾದ್ದೂ ಅದೇ: ‘ಇಷ್ಟು ಕಟ್ಟು, ಇದಕ್ಕಿಂತ ಬೇಡ’ ಎಂಬ ಸ್ಪಷ್ಟ ಮಾತು.

ಈ ಗುಡಿಗಳು ನಮಗೆ ಹೊರಗಿನವಲ್ಲ. ಐಹೊಳೆಯ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರೊಳಗೆ ವಾಸವಿದ್ದ ಲಾಡ್‌ಖಾನ್ ಎಂಬುವವರಿಂದ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರುವ ಮೊದಲೂ ಅಲ್ಲಿ ಜನ ಇದ್ದರು, ಉತ್ತುತ್ತಿದ್ದರು, ಬಿತ್ತುತ್ತಿದ್ದರು. ಊರು ಎತ್ತಿ ಬೇರೆ ಕಡೆ ಇಡುವ ಮಾತು ಬಂದಾಗಲೆಲ್ಲ ಹತ್ತಾರು ವರ್ಷ ಕಾಯಿಸುತ್ತಾರೆ. ಕಾಯುವಷ್ಟು ಕಾಲ ಇದ್ದ ಮನೆಯನ್ನು ರಿಪೇರಿ ಮಾಡಿಕೊಳ್ಳಲೂ ಜನ ಹೆದರುತ್ತಾರೆ. ಮಳೆಗೆ ಗೋಡೆ ಬಿದ್ದರೆ, ಕಾಯ್ದೆಯ ಅಕ್ಷರ ಹಿಡಿದು ನೋಡಿದಾಗ, ನೂರು ಮೀಟರಿನೊಳಗೆ ಅದೇ ಮನೆಯನ್ನು ಮತ್ತೆ ಕಟ್ಟುವುದೂ ಕಷ್ಟ.

ಆದ್ದರಿಂದ ನಾವು ಕೇಳುವುದು ನಾಲ್ಕು. ಮಳೆ, ಪ್ರವಾಹಕ್ಕೆ ಬಿದ್ದ ಹಳೆ ಮನೆಯನ್ನು ಅದೇ ಅಳತೆಗೆ ಕಟ್ಟಿಕೊಳ್ಳಲು ಅವಕಾಶ ಬೇಕು. ಮನೆಯ ಶೌಚಾಲಯ, ಬಚ್ಚಲಿಗೆ ಸಾರ್ವಜನಿಕ ಶೌಚಾಲಯಕ್ಕಿರುವ ರಿಯಾಯಿತಿಯೇ ಬೇಕು. ಉಪವಿಧಿಗಳನ್ನು ಕನ್ನಡದಲ್ಲಿ, ಊರವರನ್ನು ಕೂರಿಸಿಕೊಂಡು ಮಾಡಬೇಕು. ಅರ್ಜಿ ತುಂಬಿಸಿಕೊಡಲು ತಾಲ್ಲೂಕಿನಲ್ಲೇ ಒಬ್ಬರು ಇರಬೇಕು.

ಮೊದಲ ಎರಡಕ್ಕೆ ಸಂಸತ್ತು ಮನಸ್ಸು ಮಾಡಬೇಕು. ನಾವು ನಾಳೆಯೇ ಮಾಡಬಹುದಾದ್ದೂ ಒಂದಿದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ‘ನೂರು ಮೀಟರ್ ಗೆರೆ ಎಲ್ಲಿ ಬರುತ್ತದೆ, ಮುನ್ನೂರು ಮೀಟರ್ ಎಲ್ಲಿಗೆ ಮುಗಿಯುತ್ತದೆ, ಅದರೊಳಗೆ ಯಾವ ಯಾವ ಮನೆಗಳಿವೆ? ನಕ್ಷೆ ತರಿಸಿ ಪಂಚಾಯಿತಿ ಗೋಡೆಗೆ ಹಚ್ಚಿ.’ ಈ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಸಹಿ ಹಾಕಿ ಎದ್ದು ಬರಬೇಡಿ.