ಗೆಜ್ಜಲಗೆರೆಯ ಲೆಕ್ಕ, ನಮ್ಮ ಬಸದಿಯ ಲೆಕ್ಕ



ಮದ್ದೂರು ಪಕ್ಕದ ಗೆಜ್ಜಲಗೆರೆ ಎಂದರೆ ಹೆದ್ದಾರಿಯಲ್ಲಿ ಓಡಾಡುವವರಿಗೆ ಮನ್‌ಮುಲ್ ಡೇರಿ ನೆನಪಾಗುತ್ತದೆ. ಈಚೆಗೆ ಊರು ಸುದ್ದಿಯಾಗಿದ್ದು ಬೇರೆ ಕಾರಣಕ್ಕೆ. ಗ್ರಾಮ ಪಂಚಾಯಿತಿಯನ್ನು ಮದ್ದೂರು ನಗರಸಭೆಗೆ ಸೇರಿಸುವುದನ್ನು ಊರಿನವರು ವಿರೋಧಿಸಿದರು. ಕಂದಾಯ ಏರುತ್ತದೆಂಬ ಮಾತು ಎಲ್ಲರ ಬಾಯಲ್ಲಿದೆ. ಪಂಚಾಯಿತಿ ಖಾತೆಯಲ್ಲಿ ಉಳಿದ ಅನುದಾನ, ಅರ್ಧಕ್ಕೆ ನಿಂತ ಕಾಮಗಾರಿ, ಬಾಕಿ ಬಿಲ್ಲು, ತೀರದ ಆಡಿಟ್ ಆಕ್ಷೇಪಣೆ ಇವೆಲ್ಲ ಯಾರ ಪುಸ್ತಕಕ್ಕೆ ಹೋಗುತ್ತವೆ ಎಂದು ಕೇಳುವವರು ಕಡಿಮೆ. ಅಂಗಡಿ ಕೈ ಬದಲಾಗುವಾಗಲೇ ಸರಕು ಕಾಣೆಯಾಗುವುದು. ವ್ಯಾಪಾರಿಗಳಾದ ನಮಗೆ ಇದು ಹೊಸದಲ್ಲ.

ಇದನ್ನು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಇ-ಗ್ರಾಮ್ ಸ್ವರಾಜ್ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿದರೆ 15ನೇ ಹಣಕಾಸು ಆಯೋಗದ ಅನುದಾನದ ಜಮಾ-ಖರ್ಚು ಸಿಗುತ್ತದೆ. ಆಡಿಟ್ ಆನ್‌ಲೈನ್‌ನಲ್ಲಿ ಲೆಕ್ಕಪರಿಶೋಧನೆ ವರದಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾರ್ಚ್ ಕೊನೆಯ ವಾರದಲ್ಲೇ ರಾಶಿ ಬಿಲ್ಲು, ಟೆಂಡರ್ ಮಿತಿಗಿಂತ ಚೂರೇ ಕಡಿಮೆಯ ತುಂಡು ಕಾಮಗಾರಿಗಳು, ಪ್ರತಿ ವರ್ಷ ಅದೇ ಆಕ್ಷೇಪಣೆ ಕಂಡರೆ ಅಲ್ಲಿ ನಿಲ್ಲಬೇಕು. ಇದ್ದ ಮಾತ್ರಕ್ಕೆ ಕಳ್ಳತನ ಎನ್ನಬಾರದು, ಅದೂ ಹಿಂಸೆಯೇ. ಕಾಗದ ಕೇಳಬೇಕು, ಅಷ್ಟೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕು.

ನಮ್ಮ ಸಮಾಜಕ್ಕೆ ಇದರಲ್ಲೇನು ಎನ್ನುವವರಿಗೆ 2023ರ ಆಗಸ್ಟ್ ನೆನಪಿಸುತ್ತೇನೆ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಪಡೆದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಡೆಯದೇ ಇರುವಂಥವು ಎಂದು ಕೇಂದ್ರ ಸಚಿವಾಲಯ ಕಂಡುಕೊಂಡಿತು. 2017-18ರಿಂದ ಐದು ವರ್ಷದಲ್ಲಿ ಹೋದ ಹಣ ಸುಮಾರು 144 ಕೋಟಿ. ಪ್ರಕರಣ ಸಿಬಿಐಗೆ ಹೋಯಿತು. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿದ ಮೇಲೆ ನಮ್ಮ ಮಕ್ಕಳಿಗೂ ಇದೇ ಯೋಜನೆಯಲ್ಲಿ ಪಾಲಿತ್ತು. ಹೋದದ್ದು ಅವರದ್ದೂ ಹೌದು.

2025ರ ಮಾರ್ಚ್ ಬಜೆಟ್‌ನಲ್ಲಿ ಬಸದಿ ಅರ್ಚಕರ ಗೌರವಧನ ತಿಂಗಳಿಗೆ 6,000 ರೂಪಾಯಿ ಎಂದು ಮುಖ್ಯಮಂತ್ರಿಗಳು ಘೋಷಿಸಿದರು. ನಿಮ್ಮ ಊರಿನ ಪುರೋಹಿತರನ್ನು ಕೇಳಿ, ಅವರ ಪಾಸ್‌ಬುಕ್‌ಗೆ ಬಂತೇ? ಘೋಷಣೆ, ಮಂಜೂರಾತಿ, ಬಿಡುಗಡೆ, ಕೈಗೆ ಬಂದದ್ದು ಇವು ನಾಲ್ಕು ಬೇರೆ ಬೇರೆ ಅಂಕಿ. ನಮ್ಮ ಸಭೆಗಳಲ್ಲಿ ಮೊದಲನೆಯದಕ್ಕೇ ಶಾಲು ಹೊದಿಸಿಬಿಡುತ್ತೇವೆ.

ಯಾವ ಖಾತೆಯಲ್ಲಿ ಹುಡುಕಬೇಕೆಂಬುದೂ ಮುಖ್ಯ. ಮಂಡ್ಯ ಜಿಲ್ಲೆಯದೇ ಆದ ಕಂಬದಹಳ್ಳಿ ಪಂಚಕೂಟ ಬಸದಿ ಕೇಂದ್ರ ಪುರಾತತ್ವ ಇಲಾಖೆಯದ್ದು. ಅದರ ಖರ್ಚನ್ನು ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಲೆಕ್ಕದಲ್ಲಿ ಹುಡುಕಿದರೆ ಸಿಗದು. ಊರಿನ ಬಸದಿಯ ಜೀರ್ಣೋದ್ಧಾರಕ್ಕೆ ಬರುವ ಅನುದಾನ ಮಾತ್ರ ಅಲ್ಲಿ.

ಕೊನೆಗೆ ನಮ್ಮ ಕಮಿಟಿಗಳ ಮಾತು. ಮೊದಲ ಕಂತು ಬಂದು, ಕೆಲಸವೂ ಮುಗಿದು, ಹಣ ಬಳಕೆ ಪ್ರಮಾಣಪತ್ರ ಕೊಡದೆ ಎರಡನೇ ಕಂತು ನಿಂತುಹೋದ ಬಸದಿಯೊಂದನ್ನು ನಾನೇ ಬಲ್ಲೆ. ಸಿಮೆಂಟ್ ಬಿಲ್ಲು ಟ್ರಸ್ಟಿನ ಹೆಸರಲ್ಲಿರಲಿಲ್ಲ, ಮೇಸ್ತ್ರಿಗೆ ನಗದು ಕೊಟ್ಟಿದ್ದರು, ದೇಣಿಗೆ ಹಣವೂ ಅನುದಾನವೂ ಒಂದೇ ಖಾತೆಯಲ್ಲಿ. ಒಂದು ಪೈಸೆ ಯಾರೂ ತಿಂದಿರಲಿಲ್ಲ. ಆಡಿಟ್‌ನವರ ಕಣ್ಣಿಗೆ ಮಾತ್ರ ಹಾಗೆ ಕಾಣಲಿಲ್ಲ. ಪರ್ಯೂಷಣಕ್ಕೆ ಮುಂಚೆ ಕಮಿಟಿ ಸಭೆ ಇದ್ದರೆ ಪಾಸ್‌ಬುಕ್, ಬಿಲ್ಲಿನ ಫೈಲು ಎರಡನ್ನೂ ಮೇಜಿನ ಮೇಲೆ ಇಡಿಸಿ.