ಹಸಿದು ಹಲಸು: ಸಕ್ಕರೆ ಕಾಯಿಲೆಯೂ ಪೂರಕ ಆಹಾರಗಳೂ

ಉದ್ಯೋಗನಿಮಿತ್ತ ಹುಟ್ಟೂರನ್ನು ಬಿಟ್ಟು ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಈ ನಾಡಿನಿಂದ ಅನೇಕ ಒಳ್ಳೆಯ ಅಭ್ಯಾಸಗಳನ್ನು ಕಲಿತಿದ್ದೇವೆ. ಅದರೊಡನೆ ಇಲ್ಲಿನ ಒಂದು ವ್ಯಾಧಿಯಲ್ಲಿಯೂ ಪಾಲುದಾರರಾಗಿದ್ದೇವೆ. ಅದೇ ಮಧುಮೇಹ. ಕೊಚ್ಚಿಯ ಅಮೃತಾ ವೈದ್ಯಕೀಯ ಸಂಸ್ಥೆಯವರು ನಗರದ ವಯಸ್ಕರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ 19.5 ಮಂದಿಗೆ ಈ ವ್ಯಾಧಿ ಕಂಡುಬಂದಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಮಗೆ ರೋಗವಿದೆಯೆಂಬ ಅರಿವೇ ಇರಲಿಲ್ಲ.

ರೋಗ ಹಬ್ಬಿದಲ್ಲಿ ಮದ್ದಿನ ಸಲಹೆಗಳಿಗೆ ಬರಗಾಲವಿಲ್ಲ. ಹಾಗಲಕಾಯಿಯ ರಸ, ಮೆಂತ್ಯದ ಪುಡಿ, ದಾಲ್ಚಿನ್ನಿಯ ಗುಳಿಗೆ, ಏಕನಾಯಕದ ಬೇರು, ‘ಇನ್ಸುಲಿನ್ ಗಿಡ’ದ ಎಲೆ - ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಸತ್ವವೇ ಇಲ್ಲವೆಂಬುದು ನನ್ನ ವಾದವಲ್ಲ. ಏಕನಾಯಕದ ಬೇರಿನಲ್ಲಿರುವ ದ್ರವ್ಯವು ಕರುಳಿನಲ್ಲಿ ಪಿಷ್ಟವು ಸಕ್ಕರೆಯಾಗುವುದನ್ನು ನಿಧಾನಗೊಳಿಸುತ್ತದೆ. ವೈದ್ಯರು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಗಲೀಗ ಎಂಬ ಯೂರೋಪಿನ ಗಿಡದ ಅಧ್ಯಯನದಲ್ಲಿಯೇ ಇದೆ. ಆದರೆ ಅದು ಔಷಧವೆನಿಸಿಕೊಂಡದ್ದು ಪ್ರಮಾಣ ನಿಗದಿಯಾಗಿ, ಗುಣದೋಷಗಳ ಪರೀಕ್ಷೆಯಾದ ಮೇಲೆ. ಸೊಪ್ಪು, ಬೇರು, ಪುಡಿಗಳಲ್ಲಿ ಬಹುಪಾಲು ಇನ್ನೂ ಆ ಮೆಟ್ಟಿಲನ್ನು ಏರಿಲ್ಲ.

ಪರೀಕ್ಷೆಗೆ ಒಳಗಾದ ಒಂದು ಪದಾರ್ಥ ನಮ್ಮ ಕೊಚ್ಚಿಯದೇ. ಕೇರಳ ಸರ್ಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಕೊಚ್ಚಿಯ ಉದ್ಯಮಿ ಜೇಮ್ಸ್ ಜೋಸೆಫ್ ಅವರು ಬಲಿತ ಹಲಸಿನಕಾಯಿಯ ಪುಡಿಯನ್ನು ಮಾರುಕಟ್ಟೆಗೆ ತಂದರು. ಆಂಧ್ರದ ಶ್ರೀಕಾಕುಳಂನಲ್ಲಿ 40 ಮಂದಿ ರೋಗಿಗಳ ಮೇಲೆ ನಡೆದ ಪರೀಕ್ಷೆಯ ವರದಿ 2021ರಲ್ಲಿ ಪ್ರಕಟವಾಯಿತು. ದಿನಕ್ಕೆ 30 ಗ್ರಾಂ ಪುಡಿಯನ್ನು ಅಷ್ಟೇ ಅಳತೆಯ ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲಿಗೆ 12 ವಾರ ಸೇವಿಸಿದವರಲ್ಲಿ, ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಅಂಕಿಯು ಸುಮಾರು 0.25ರಷ್ಟು ಇಳಿಯಿತು. ಮೆಟ್‌ಫಾರ್ಮಿನ್ ಇಳಿಸುವುದು ಸಾಮಾನ್ಯವಾಗಿ ಒಂದರಷ್ಟು.

ಲೆಕ್ಕಪತ್ರಗಳ ನಡುವೆಯೇ ಜೀವನ ಸವೆಸುವ ನನ್ನಂಥವನು ಇಲ್ಲಿ ಮೂರು ಅಂಶಗಳನ್ನು ಗಮನಿಸುತ್ತಾನೆ. ಮೊದಲನೆಯದಾಗಿ, ಪರೀಕ್ಷೆಗೊಳಗಾದವರ ಸಂಖ್ಯೆ ಅಲ್ಪ. ಪುಡಿಯ ಉದ್ಯಮಿಯೇ ವರದಿಯ ಲೇಖಕರಲ್ಲಿ ಒಬ್ಬರು. ಎರಡನೆಯದಾಗಿ, ಆ ರೋಗಿಗಳು ಮಾತ್ರೆಗಳನ್ನು ಬಿಟ್ಟಿರಲಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಪುಡಿಯು ಅನ್ನ, ಚಪಾತಿಗಳ ಬದಲಿಗೆ ಬಂದಿತೇ ಹೊರತು ಅವುಗಳ ಮೇಲೆ ಬರಲಿಲ್ಲ. ಮೂರು ದೋಸೆ ತಿಂದು ಅನಂತರ ಒಂದು ಚಮಚ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯುವುದು, ಸಾಲವನ್ನು ತೀರಿಸದೆ ಹೊಸ ಖಾತೆ ತೆರೆದಂತೆ. ‘ಹಸಿದು ಹಲಸು, ಉಂಡು ಮಾವು’ ಎಂದ ನಮ್ಮ ಹಿರಿಯರ ಮಾತನ್ನು ಇಲ್ಲಿ ನೆನೆಯಬಹುದು. ಆದರೆ ಹೇಳಿದ್ದು ಕಾಯಿಯ ವಿಷಯ. ಹಣ್ಣಿನಲ್ಲಿ ಸಕ್ಕರೆ ತುಂಬಿದೆ. ಹಲಸಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಬಳಸಬೇಕು.

ನನಗೆ ಪರಿಚಿತರಾದ ನಿವೃತ್ತ ನೌಕರರೊಬ್ಬರು ಯಾವುದೋ ಪುಡಿಯನ್ನು ನಂಬಿ ಎಂಟು ತಿಂಗಳು ಮಾತ್ರೆಗಳನ್ನು ನಿಲ್ಲಿಸಿದರು. ಪುಡಿಯಿಂದ ಅವರಿಗೆ ನೇರವಾದ ಕೇಡೇನೂ ಆಗಲಿಲ್ಲ. ಮಾತ್ರೆಯಿಲ್ಲದ ಆ ಎಂಟು ತಿಂಗಳು ಅವರ ಕಾಲಿನ ಎರಡು ಬೆರಳುಗಳನ್ನು ಕಸಿದುಕೊಂಡವು. ಮಧುಮೇಹವನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ಇದೇ ಕಾಯಿದೆಯಡಿ ಕೇರಳದ ಔಷಧ ನಿಯಂತ್ರಣ ಇಲಾಖೆ 2024ರಲ್ಲಿ ಔಷಧ ಜಾಹೀರಾತುಗಳ ವಿರುದ್ಧ ಕೋಝಿಕ್ಕೋಡಿನಲ್ಲಿ ಮೊಕದ್ದಮೆ ಹೂಡಿತು. ಆದರೆ ನೆರೆಮನೆಯವರ ಸಲಹೆಗೆ ಯಾವ ಕಾಯಿದೆಯೂ ಅನ್ವಯಿಸದು. ಅಲ್ಲಿ ನಮ್ಮ ವಿವೇಕವೇ ಕಾವಲು.

ಹಾಗಾದರೆ ದಾರಿ ಯಾವುದು? ತಿರುವನಂತಪುರ ಜಿಲ್ಲೆಯ ನೆಯ್ಯಾಟಿನ್‌ಕರ ತಾಲ್ಲೂಕಿನಲ್ಲಿ, ರೋಗದ ಅಂಚಿನಲ್ಲಿದ್ದ 1,007 ಮಂದಿಯನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಅವರಲ್ಲಿ ಒಂದು ಪಂಗಡದವರು ನೆರೆಹೊರೆಯ ಗುಂಪುಗಳಾಗಿ ಕಲೆತು ಆಹಾರ, ನಡಿಗೆಗಳ ವಿಚಾರ ಮಾಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ವರ್ಷಗಳಲ್ಲಿ ಇವರಲ್ಲಿ ನೂರಕ್ಕೆ 14.9, ಉಳಿದವರಲ್ಲಿ 17.1 ಮಂದಿ ಮಧುಮೇಹಿಗಳಾದರು. ಈ ಅಂತರ ಆಕಸ್ಮಿಕವೂ ಇರಬಹುದೆಂದು ಸಂಶೋಧಕರೇ ಒಪ್ಪಿದ್ದಾರೆ. ಆದರೂ ಗುಂಪಿನಲ್ಲಿದ್ದವರು ಹಣ್ಣು-ತರಕಾರಿ ಹೆಚ್ಚಿಸಿ ಮದ್ಯವನ್ನು ಕಡಿಮೆ ಮಾಡಿದ್ದು ಸ್ಪಷ್ಟವಾಗಿತ್ತು.

ಗುಂಪಾಗಿ ಕಲೆಯುವುದು ಕನ್ನಡ ಸಂಘಗಳಿಗೆ ಹೊಸ ವಿದ್ಯೆಯೇನಲ್ಲ. ನವೆಂಬರ್ 1 ರಾಜ್ಯೋತ್ಸವ, ಅದೇ ತಿಂಗಳ 14 ವಿಶ್ವ ಮಧುಮೇಹ ದಿನ. ರಾಜ್ಯೋತ್ಸವದ ಸಮಾರಂಭದಲ್ಲಿಯೇ ಸದಸ್ಯರೆಲ್ಲರ ರಕ್ತಪರೀಕ್ಷೆಗೆ ಸಂಘದವರು ಏರ್ಪಾಡು ಮಾಡಲಿ. ಊಟದ ಎಲೆಯಲ್ಲಿ ಅನ್ನ ಒಂದು ಪಾಲು ತಗ್ಗಿ, ಪಲ್ಯ ಒಂದು ಪಾಲು ಹೆಚ್ಚಲಿ. ಪುಡಿ, ಕಷಾಯಗಳನ್ನು ಬಳಸುವವರು ಅದನ್ನು ವೈದ್ಯರಿಂದ ಮುಚ್ಚಿಡದಿರಲಿ. ಮಾತ್ರೆಯನ್ನು ನಿಲ್ಲಿಸುವ ಅಧಿಕಾರ ಅದನ್ನು ಬರೆದುಕೊಟ್ಟವರ ಕೈಯಲ್ಲಿಯೇ ಉಳಿಯಲಿ.